ಇನ್ನೊಬ್ಬರಿಗಾಗಿ ಬೇಡುವಾಗ ಸಂಕೋಚವೇಕೆ?

ಮಾನ್ಯ ಸಂಪಾದಕರೇ,

ದೇವರಿಗೆ ಎಲ್ಲವೂ ಗೊತ್ತಿರುವಾಗ ಕ್ರೈಸ್ತರು ಇನ್ನೊಬ್ಬರ ಪರವಾಗಿ ಅಷ್ಟೊಂದು ಪಟ್ಟು ಹಿಡಿದು ಬೇಡುವುದೇಕೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಕೇಳಿದ್ದರು. ಬೆಟಗೇರಿಯಲ್ಲಿ ಹುಟ್ಟಿ, ದಾದಿಯಾಗಿ ದುಡಿದು ನಿವೃತ್ತಳಾದವಳು ನಾನು. ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವೊಂದಿದೆ. ನಡುರಾತ್ರಿ ಒಬ್ಬನು ಗೆಳೆಯನ ಬಾಗಿಲಿಗೆ ಹೋಗಿ ಮೂರು ರೊಟ್ಟಿ ಕೊಡು ಎನ್ನುತ್ತಾನೆ. ಬಾಗಿಲು ಹಾಕಿದೆ, ಮಕ್ಕಳು ಮಲಗಿದ್ದಾರೆ, ತೊಂದರೆ ಕೊಡಬೇಡ ಎಂದು ಒಳಗಿನಿಂದ ಉತ್ತರ ಬರುತ್ತದೆ. ಅವನು ಬಿಡುವುದಿಲ್ಲ. ಆ ರೊಟ್ಟಿ ಯಾರಿಗೆ ಎಂಬುದನ್ನು ಗಮನಿಸಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ ಅತಿಥಿಗೆ. ತನ್ನ ಹಸಿವೇ ಆಗಿದ್ದರೆ ಒಂದು ತಂಬಿಗೆ ನೀರು ಕುಡಿದು ಮಲಗಿಬಿಡುತ್ತಿದ್ದನೇನೋ. ಬಂದವನು ಹಸಿದು ಮಲಗಬಾರದು ಎಂಬ ಸಂಕಟವೇ ಅವನ ಸಂಕೋಚವನ್ನು ಬಿಡಿಸಿತು.

ಬೈಬಲಿನ ಆದಿಕಾಂಡದ ಅಬ್ರಹಾಮನನ್ನು ನೋಡಿ. ದೇವರು ನಾಶಮಾಡಲಿದ್ದ ಸೊದೋಮ್ ಎಂಬ ಊರಿನಲ್ಲಿ 50 ನೀತಿವಂತರಿದ್ದರೆ ಊರನ್ನು ಉಳಿಸುವೆಯಾ ಎಂದು ಆರಂಭಿಸಿ ಕೊನೆಗೆ 10ಕ್ಕೆ ತಂದು ನಿಲ್ಲಿಸಿದನು. ಸಹೋದರನ ಮಗ ಲೋಟನು ಅಲ್ಲೇ ಇದ್ದನು. ಆದರೂ ಲೋಟನ ಹೆಸರೆತ್ತದೆ ಇಡೀ ಊರಿಗಾಗಿ ಬೇಡಿದನು. ದೇವರಿಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ, ತಾನು ಮಾಡಲಿರುವುದನ್ನು ಅಬ್ರಹಾಮನಿಗೆ ಮರೆಮಾಚಲಿಲ್ಲ. ಅವನ ಮಾತು ಮುಗಿಯುವವರೆಗೂ ಕೇಳಿಸಿಕೊಂಡನು. ಓದುಗರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಾವು ಹಾಗೆ ಕೇಳಬೇಕೆಂಬುದು ದೇವರದೇ ಇಚ್ಛೆ.

ಒಮ್ಮೆ ರಾತ್ರಿ ಪಾಳಿಯಲ್ಲಿ ನೇಕಾರರ ಓಣಿಯ ತಾಯಿಯೊಬ್ಬಳು ಜ್ವರದ ಮಗನ ಪಕ್ಕದಲ್ಲಿ ಕುಳಿತಿದ್ದಳು. ಕೊರಳಲ್ಲಿ ಲಿಂಗ, ಸೆರಗಿಗೆ ಅಂಟಿದ ನೂಲಿನ ಎಳೆಗಳು. "ಬೆಳಿಗ್ಗೆ ನೀವು ಪ್ರಾರ್ಥನೆ ಮಾಡುವಾಗ ನನ್ನ ಮಗನ ಹೆಸರನ್ನೂ ಹೇಳಿ ಅಕ್ಕಾ" ಎಂದಳು. ಹೇಳಿದೆ, ದಿನವೂ ಹೇಳಿದೆ. ಹೆಸರು ಹಿಡಿದು ಬೇಡಿದ ಮೇಲೆ ಆ ಮಂಚವನ್ನು ಸುಮ್ಮನೆ ದಾಟಿ ಹೋಗಲು ಕಾಲು ಬರುವುದಿಲ್ಲ. ಸಲೈನ್ ಹನಿಯನ್ನು ಇನ್ನೊಮ್ಮೆ ನೋಡುತ್ತೇವೆ, ತಾಯಿ ಊಟ ಮಾಡಿದಳೇ ಎಂದು ವಿಚಾರಿಸುತ್ತೇವೆ. ಆ ಹುಡುಗ ಗುಣವಾಗಿ ಮನೆಗೆ ಹೋದನು. ಅದೇ ವಾರ್ಡಿನಲ್ಲಿ, ಅಷ್ಟೇ ಬೇಡಿಕೊಂಡಿದ್ದ ಇನ್ನೊಂದು ಮಗು ಉಳಿಯಲಿಲ್ಲ. ಹೀಗೇಕೆ ಎಂದು ದೇವರನ್ನು ಕೇಳಿದ್ದೇನೆ, ಇಂದಿಗೂ ಕೇಳುತ್ತೇನೆ. ಹಾಗೆ ಕೇಳುವುದೂ ಪ್ರಾರ್ಥನೆಯೇ ಎಂದು ನಂಬಿದ್ದೇನೆ.

ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಈ ಧೈರ್ಯ ದೇವರ ಮುಂದೆ ತೋರಿಸಬೇಕಾದದ್ದು. ರೋಗಿಯ ಒಪ್ಪಿಗೆ ಇಲ್ಲದೆ ಮಂಚದ ಬಳಿ ನಿಂತು ಗಟ್ಟಿಯಾಗಿ ಪ್ರಾರ್ಥಿಸುವುದು, ಮಾತ್ರೆ ನಿಲ್ಲಿಸಿ ವಿಶ್ವಾಸವಿಡಿ ಎನ್ನುವುದು ದೊಡ್ಡ ತಪ್ಪು. ಮನೆಯ ಮೂಲೆಯಲ್ಲಿ ಮೊಣಕಾಲೂರಿದರೂ ದೇವರಿಗೆ ಕೇಳಿಸುತ್ತದೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1841ರಲ್ಲಿ ಬೆಟಗೇರಿಗೆ ಬಂದರು. ಅಂದಿನಿಂದ ಇಲ್ಲಿನ ಆರಾಧನೆಯಲ್ಲಿ ಇನ್ನೊಬ್ಬರಿಗಾಗಿ ಬೇಡುವ ಈ ಪ್ರಾರ್ಥನೆ ಕನ್ನಡದಲ್ಲಿ ನಡೆದುಬಂದಿದೆ. ಈಗ ಎಷ್ಟೋ ಭಾನುವಾರ "ರೋಗಿಗಳನ್ನೂ ದುಃಖಿತರನ್ನೂ ನೆನಪಿಸಿಕೋ ಕರ್ತನೇ" ಎಂಬ ಒಂದೇ ವಾಕ್ಯದಲ್ಲಿ ಊರಿನವರೆಲ್ಲರ ಪರವಾದ ಬೇಡಿಕೆ ಮುಗಿದುಹೋಗುತ್ತದೆ. ನನಗೆ ಇದನ್ನು ಸಹಿಸಲಾಗದು. ಗದಗ, ಹುಬ್ಬಳ್ಳಿ, ಹಾವೇರಿಯ ಸಭಾಪಾಲಕರಲ್ಲಿ ನನ್ನ ವಿನಂತಿ: ಆ ಭಾಗಕ್ಕೆ ಇನ್ನಷ್ಟು ಸಮಯ ಕೊಡಿ. ಒಪ್ಪಿದವರ ಹೆಸರು ಹೇಳಿ ಬೇಡಿ. ಕೂಲಿ ಸಿಗದ ನೇಕಾರನಿಗಾಗಿ, ಮಳೆ ಕೈಕೊಟ್ಟ ರೈತನಿಗಾಗಿ, ನಮ್ಮ ಸಭೆಗೆ ಎಂದೂ ಕಾಲಿಡದ ನೆರೆಯವರಿಗಾಗಿ ಬೇಡಿ. ನೋಡಲು ಯಾರೂ ಬಾರದ ರೋಗಿಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಇದ್ದೇ ಇರುತ್ತಾರೆ. ಆರಾಧನೆ ಮುಗಿದ ಮೇಲೆ ಇಬ್ಬರು ಹಣ್ಣು ಹಿಡಿದು ಅವರ ಬಳಿಗೆ ಹೋಗಿಬರಲಿ.

— ನಿವೃತ್ತ ದಾದಿ, ಬೆಟಗೇರಿ