ಭಾನುವಾರ ಸೇರೋಣ, ಪುಸ್ತಕ ಮರೆಯಬೇಡಿ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಸಂಜೆ 4ಕ್ಕೆ ಮಾಟುಂಗದ ನಮ್ಮ ಮನೆಯಲ್ಲಿ ಓದು. ಈ ಸಲ ಗಟ್ಟಿ ಹೆಣ್ಣುಮಕ್ಕಳ ಪುಸ್ತಕಗಳು.

ಕಾದಂಬರಿ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಳ್ಳಲ್ಲ ಎಂದು ಹಟ ಹಿಡಿದ ದಾಕ್ಷಾಯಿಣಿಯ ಪರ ಫಣಿಯಮ್ಮ ನಿಲ್ಲುವ ಭಾಗವನ್ನು ಜೋರಾಗಿ ಓದೋಣ. ಚರಿತ್ರೆಗೆ ಸಾವಿತ್ರಿಬಾಯಿ ಫುಲೆ. 1848ರಲ್ಲಿ ಪುಣೆಯಲ್ಲಿ ಗಂಡ ಹೆಂಡತಿ ಸೇರಿ ಹುಡುಗಿಯರಿಗೆ ಶಾಲೆ ತೆರೆದರಲ್ಲ, ಆಗ ದಾರಿಯಲ್ಲಿ ಜನ ಸೆಗಣಿ ಎರಚುತ್ತಾರೆಂದು ಇನ್ನೊಂದು ಸೀರೆ ಜೊತೆಗಿಟ್ಟುಕೊಂಡೇ ಹೋಗುತ್ತಿದ್ದರಂತೆ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಗ್ಗೆ ಯಾರ ಹತ್ತಿರವಾದರೂ ಪುಸ್ತಕವಿದ್ದರೆ ದಯವಿಟ್ಟು ತನ್ನಿ.

ಹೋದ ಸಲ ಒಯ್ದ ಪುಸ್ತಕ ವಾಪಸ್ ಬರಲಿ. ಕೊಡುವ ಪುಸ್ತಕಕ್ಕೆ ರಟ್ಟು ಹಾಕಿ, ಒಳಗೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ. ನನ್ನದೊಂದು ಚಹಾ ಲೋಟದ ಗುಂಡು ಗುರುತು ಹೊತ್ತು ಬಂದಿದೆ. ಯಾರೆಂದು ಕೇಳಲ್ಲ ಬಿಡಿ!

ಠಾಣೆ, ಡೊಂಬಿವಲಿಯವರು ಮೆಗಾ ಬ್ಲಾಕ್ (ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಹೊತ್ತು) ನೋಡಿಕೊಂಡು ಬೇಗ ಹೊರಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ತರುವ ಪುಸ್ತಕದ ಹೆಸರೂ ಹಾಕಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಸಾಲದು. ಉಪ್ಪಿಟ್ಟಿಗೆ ರವೆ ಎಷ್ಟು ಹುರಿಯಬೇಕೆಂದು ನನಗೆ ಗೊತ್ತಾಗಬೇಕಲ್ವಾ?