ಸೋಮನಾಥಪುರಕ್ಕೂ ನಡ್ಕೊಂಡು ತೋರಿಸೋ ಗೈಡ್ ಬೇಕು

ಮಾನ್ಯ ಸಂಪಾದಕರೇ,

ಜಪಾನಿನ ಕ್ಯೋಟೋದಲ್ಲಿ ನಮ್ಮ ಮನೆಯವರಿಗೆ ಅಂತಲೇ ಒಬ್ಬ ಗೈಡ್ ಮಾಡ್ಕೊಂಡು ದೇವಸ್ಥಾನಗಳನ್ನ ನಡ್ಕೊಂಡೇ ನೋಡಿದ್ವಿ, ಆವಮ್ಮ ತೋರಿಸಿದ ರೀತಿ ಇನ್ನೂ ಕಣ್ಣಲ್ಲಿದೆ. ಶಿಂಟೋ ಅನ್ನೋ ಜಪಾನಿನ ಮೂಲ ಧರ್ಮದ ಗುಡೀಲಿ ಮರದ ಸೌಟಲ್ಲಿ ನೀರು ತಗೊಂಡು ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬಾಯಿ ತೊಳೀಬೇಕು, ದೇವರ ಮುಂದೆ ಎರಡು ಸಲ ಬಗ್ಗಿ ಎರಡು ಚಪ್ಪಾಳೆ ಹೊಡೆದು ಮತ್ತೆ ಒಂದು ಸಲ ಬಗ್ಗಬೇಕು, ಬೌದ್ಧರ ಗುಡೀಲಿ ಮಾತ್ರ ಚಪ್ಪಾಳೆ ಇಲ್ಲ, ಬರೀ ಕೈ ಮುಗಿಯೋದು, ಇದನ್ನೆಲ್ಲ ತಾವೇ ಮಾಡಿ ಕಲಿಸಿದ್ರು. ಸಂಜೂಸಾಂಗೆನ್‌ದೋ ಅನ್ನೋ ಉದ್ದನೆ ಮರದ ಮಂದಿರದಲ್ಲಿ ಕನ್ನೋನ್ ಅನ್ನೋ ಬೌದ್ಧರ ಕರುಣೆಯ ದೇವತೆಯ 1001 ವಿಗ್ರಹ, ಜೊತೆಗೆ 28 ಕಾವಲು ದೇವತೆಗಳು, ಅದರಲ್ಲಿ ನಮ್ಮ ಇಂದ್ರ, ಬ್ರಹ್ಮ ಇದಾರೆ, ಗರುಡ ಅಂತೂ ಕೊಳಲು ಊದ್ತಾ ನಿಂತಿದಾನೆ! ಅವರು ಹೇಳದೇ ಇದ್ರೆ ನಾವು ಸುಮ್ನೆ ದಾಟಿ ಹೋಗ್ತಿದ್ವಿ.

ನಮ್ಮ ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು, ಅಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನೇ ಮೂರ್ತಿಗಳ ಕೆಳಗೆ ಕೆತ್ತಿದಾನೆ, ಆದ್ರೆ ಬಂದ ಜನ ಫೋಟೋ ತೆಗೆದು ಬಸ್ ಹತ್ತಿಬಿಡ್ತಾರೆ. ಮೈಸೂರಲ್ಲಿ ಇತಿಹಾಸ ಓದಿರೋ ಹುಡುಗ ಹುಡುಗೀರು ಬೇಕಾದಷ್ಟಿದಾರೆ, ಅವರಿಗೆ ಟ್ರೈನಿಂಗ್ ಕೊಟ್ಟು, ಲೈಸೆನ್ಸ್ ಕೊಟ್ಟು, ರೇಟ್ ಬೋರ್ಡ್ ಹಾಕಿ, ಕನ್ನಡದಲ್ಲೂ ವಿವರಿಸೋ ಗೈಡ್‌ಗಳನ್ನ ಈ ದಸರಾ ಒಳಗಾದ್ರೂ ಅಲ್ಲಿ ಮತ್ತು ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಲಿ ಅಂತ ಸಂಬಂಧಪಟ್ಟವರನ್ನ ಕೇಳ್ಕೋತೀನಿ.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು