ಜನವರಿಯಲ್ಲೊಮ್ಮೆ ಹೋಗಿ ನೋಡು

ಕುಂಬಳೆ
ಸೋಣ ಸಂಕ್ರಮಣ

ಚಿ. ಸಹನಾಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಉದ್ದದ ಮೇಲ್ ಬಂತು. ನಿನ್ನ ಅಮ್ಮನಿಗೂ ಓದಿ ಹೇಳಿದ್ದಾಯಿತು. ಬಾಲಿಯ ಕಡಲು ಕಂಡು "ಇಲ್ಲೇ ಇದ್ದುಬಿಡುವ ಅನ್ನಿಸಿತು" ಎಂದು ಬರೆದಿದ್ದೀ. ಕಡಲ ಬದಿಯಲ್ಲೇ ಬೆಳೆದ ಕೂಸಿಗೆ ಇನ್ನೊಂದು ಕಡಲು ಕಂಡಾಗ ಹಾಗನ್ನಿಸುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಎರಡು ಕಡೆ. ಒಂದು, ಚೌತಿಯ ರಜೆಗೆ ಗೆಳತಿಯರ ಜೊತೆ ಥಾಯ್ಲೆಂಡಿನ ಕ್ರಾಬಿಗೆ ಟಿಕೆಟು ಮಾಡುತ್ತೇವೆ ಎಂದದ್ದು. ಇನ್ನೊಂದು, ಬಾಲಿಯಲ್ಲಿ ಕಡಲಂಚಿನ ಮನೆಯೊಂದನ್ನು 25 ವರ್ಷಕ್ಕೆ ಲೀಸಿಗೆ ಹಿಡಿಯಲು ಮುಂಗಡ ಕೊಡಲೇ ಎಂದು ಕೇಳಿದ್ದು. ಎರಡರಲ್ಲೂ ತಪ್ಪಿರುವುದು ಒಂದೇ ಜಾಗದಲ್ಲಿ. ಆ ಕಡಲುಗಳನ್ನು ನೀನು ಒಳ್ಳೆಯ ತಿಂಗಳಿನಲ್ಲಿ ಮಾತ್ರ ನೋಡಿದ್ದೀ. ಬೇಕಲಕ್ಕೆ ಡಿಸೆಂಬರಿನಲ್ಲಿ ಬಂದು ಹೋದವರಿಗೆ ಆಟಿಯ ಜಡಿಮಳೆಯ ಬೇಕಲ ಗೊತ್ತಿರುತ್ತದೆಯೇ?

ಮೊದಲು ಕ್ರಾಬಿಯದ್ದು ಹೇಳುತ್ತೇನೆ, ಟಿಕೆಟು ಇನ್ನೂ ಮಾಡಿಲ್ಲವಾದರೆ ಒಳ್ಳೆಯದು. ಥಾಯ್ಲೆಂಡಿಗೆ ಎರಡು ಕರಾವಳಿ. ಫುಕೆಟ್, ಕ್ರಾಬಿ ಇರುವುದು ಅಂಡಮಾನ್ ಕಡಲಿನ ಬದಿ. ನಮ್ಮ ಅಂಗಳಕ್ಕೆ ಸುರಿಯುವ ನೈಋತ್ಯ ಮುಂಗಾರೇ ಅಲ್ಲಿಗೂ ಬರುವುದು, ಮೇಯಿಂದ ಅಕ್ಟೋಬರ್ ತನಕ. ಸೆಪ್ಟೆಂಬರ್ ಎಂದರೆ ಅಲ್ಲಿ ಜೋರು ಮಳೆಯ ತಿಂಗಳು. ನೀವು ನೋಡಬೇಕೆಂದಿರುವ ಮಾಯಾ ಬೇ ಎಂಬ ಕೊಲ್ಲಿಯನ್ನು ಹವಳ ಚೇತರಿಸಿಕೊಳ್ಳಲೆಂದು 2018ರ ಜೂನಿನಲ್ಲಿ ಮುಚ್ಚಿ 2022ರ ಜನವರಿಯಲ್ಲಿ ತೆರೆದರು; ಆಮೇಲೂ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಬಾಗಿಲು ಹಾಕುತ್ತಾ ಬಂದಿದ್ದಾರೆ. ಸಿಮಿಲನ್ ದ್ವೀಪಗಳು ಮೇ ನಡುವಿನಿಂದ ಅಕ್ಟೋಬರ್ ನಡುವಿನ ತನಕ ಬಂದ್. ರೂಮು ಅರ್ಧ ರೇಟಿಗೆ ಸಿಗುತ್ತದೆ ಎಂದು ಬರೆದಿದ್ದೀಯಲ್ಲ, ಕಾರಣ ಇದೇ. 2018ರ ಜುಲೈ 5ರಂದು ಫುಕೆಟ್ ಹತ್ತಿರ ಪ್ರವಾಸಿಗರ ದೋಣಿ ಬಿರುಗಾಳಿಗೆ ಮುಳುಗಿ 47 ಜನ ಹೋದರು. ಹವಾಮಾನದ ಎಚ್ಚರಿಕೆ ಮೊದಲೇ ಇತ್ತು. ಇಲ್ಲಿ ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧ ಇರುವಾಗ ದೋಣಿಗಳು ದಡದಲ್ಲಿ ಕೂತಿರುವುದನ್ನು ನೋಡಿ ಬೆಳೆದವಳು ನೀನು. ಅದೇ ಗಾಳಿಗೆ ಅಲ್ಲಿ ಸ್ಪೀಡ್‌ಬೋಟ್ ಹತ್ತಬೇಡ.

ಚೌತಿಗೇ ಹೋಗಬೇಕಾದರೆ ಆಚೆ ಬದಿಯ ಕೊ ಸಮುಯಿ ದ್ವೀಪಕ್ಕೆ ಹೋಗಿ. ಅದಕ್ಕೆ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರ್, ನವೆಂಬರಿನಲ್ಲಿ ಹೆಚ್ಚು. ಶ್ರೀಲಂಕಾದ ಲೆಕ್ಕವೂ ಹೀಗೆಯೇ: ಮಿರಿಸ್ಸ, ಉನವತುನ ಇರುವ ತೆಂಕು ಕರಾವಳಿ ಡಿಸೆಂಬರಿನಿಂದ ಮಾರ್ಚ್‌ಗೆ ಚೆನ್ನ, ನಮಗೆ ಮಳೆ ಇರುವಾಗ ಟ್ರಿಂಕೋಮಲಿ, ಅರುಗಂ ಬೇ ಇರುವ ಮೂಡು ಬದಿ ಚೆನ್ನ. ಒಂದೇ ದೇಶದ ಎರಡು ದಡಕ್ಕೆ ಎರಡು ಕಾಲಮಾನ. ದೇಶದ ಹೆಸರು ಹಾಕಿ "ಹೋಗಲು ಒಳ್ಳೆಯ ಸಮಯ" ಹುಡುಕಿದರೆ ಈ ವ್ಯತ್ಯಾಸ ಕಾಣುವುದಿಲ್ಲ, ಊರಿನ ಹೆಸರು ಹಾಕಿ ಹುಡುಕು.

ಇನ್ನು ನೀರಿಗೆ ಇಳಿಯುವ ವಿಚಾರ. ಇದನ್ನು ಎರಡು ಸಲ ಓದು. ಮೊಗ್ರಾಲಿನ ಹೊಳೆಯಲ್ಲಿ ಈಜು ಕಲಿತವರಿಗೆ ಕಡಲು ಹೊಸದೇ, ಹಾಗಿರುವಾಗ ಪರವೂರ ಕಡಲು ಕೇಳಬೇಕೇ? ದಡಕ್ಕೆ ಹೋದ ಕೂಡಲೇ ಇಳಿಯಬೇಡ. ಸ್ವಲ್ಪ ಎತ್ತರದ ಜಾಗ ನೋಡಿ ಕಾಲು ಗಂಟೆ ಸುಮ್ಮನೆ ಕೂತುಕೋ. ತೆರೆಗಳು ಗುಂಪಾಗಿ ಬರುತ್ತವೆ: ನಾಲ್ಕೈದು ದೊಡ್ಡವು, ಆಮೇಲೆ ಕೆಲವು ನಿಮಿಷ ಏನೂ ಇಲ್ಲ. ಆ ಬಿಡುವಿನಲ್ಲಿ ನೋಡಿದವರು ಕಡಲು ಶಾಂತವಾಗಿದೆ ಎಂದುಕೊಂಡು ಇಳಿಯುತ್ತಾರೆ. ಕೂತು ನೋಡುವಾಗ ಬಿಳಿ ನೊರೆಯ ಸಾಲು ಎಲ್ಲಿ ಕಡಿದಿದೆ ಎಂದು ಹುಡುಕು. ಎರಡೂ ಬದಿ ತೆರೆ ಒಡೆಯುತ್ತಿದ್ದು ನಡುವೆ ಒಂದು ಓಣಿಯಷ್ಟು ಅಗಲ ನೀರು ಕಪ್ಪಗೆ, ಮಟ್ಟಸವಾಗಿ ಕಂಡರೆ, ಅದರ ಮೇಲೆ ನೊರೆಯೋ ಮರಳು ಕದಡಿದ ಕೆಂಪೋ ಹೊರಮುಖವಾಗಿ ಹೋಗುತ್ತಿದ್ದರೆ, ಅದೇ ಸೆಳವು. ದಡಕ್ಕೆ ಬಂದು ಬಿದ್ದ ನೀರೆಲ್ಲ ಮರಳದಿಬ್ಬದ ನಡುವಿನ ಆ ತಗ್ಗಿನಲ್ಲಿ ವಾಪಸು ಹೋಗುತ್ತದೆ. ಆಳ ಇರುವ ಕಾರಣ ತೆರೆ ಅಲ್ಲಿ ಒಡೆಯುವುದಿಲ್ಲ, ಒಡೆಯದ ಕಾರಣ ಮಕ್ಕಳನ್ನು ಇಳಿಸಲು ಎಲ್ಲರಿಗೂ ಅದೇ ಜಾಗ ಚೆಂದ ಕಾಣುತ್ತದೆ. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಅಡಿ. ಎಂಟು ಅಡಿಯವರೆಗೂ ಅಳೆದದ್ದುಂಟು. ಅಷ್ಟು ವೇಗ ಇದ್ದರೆ ಒಲಿಂಪಿಕ್ಸಿನ ಈಜುಗಾರನಿಗೂ ಅದನ್ನು ಎದುರಿಸಿ ದಡ ಸೇರಲು ಆಗದು.

ಅದು ಅಡಿಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ, ಅಷ್ಟೆ. ಜನ ಸಾಯುವುದು ದಡದ ಕಡೆಗೆ ನೇರ ಈಜಿ ಈಜಿ ಸೋತು. ಸಿಕ್ಕಿಬಿದ್ದರೆ ಅಂಗಾತ ತೇಲು, ಉಸಿರು ಹದಕ್ಕೆ ತಂದುಕೋ, ಒಂದು ಕೈ ಮೇಲೆತ್ತಿ ಕೂಗು. ಶಕ್ತಿ ಇದ್ದರೆ ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜು, ಸೆಳೆತ ಬಿಟ್ಟಿತು ಅನ್ನಿಸಿದ ಮೇಲೆ ತೆರೆ ಒಡೆಯುವ ಕಡೆಗೆ ಓರೆಯಾಗಿ ಬಾ, ತೆರೆಯೇ ನಿನ್ನನ್ನು ದೂಡುತ್ತದೆ. ಗೆಳತಿ ಸಿಕ್ಕಿಬಿದ್ದದ್ದು ಕಂಡರೆ ಬರಿಗೈಯಲ್ಲಿ ಹಾರಬೇಡ. ಸರ್ಫ್ ಬೋರ್ಡೋ ಖಾಲಿ ಪ್ಲಾಸ್ಟಿಕ್ ಡಬ್ಬಿಯೋ ತೇಲುವಂಥದ್ದು ಏನಾದರೂ ಎಸೆ, ಲೈಫ್‌ಗಾರ್ಡನ್ನು ಕರೆ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಕಾವಲು ಇರುತ್ತದೆ. ಬರೀ ಕೆಂಪು ಎಂದರೆ ಅಪಾಯ, ಜೋಡಿ ಕೆಂಪು ಎಂದರೆ ನೀರಿಗೆ ಇಳಿಯುವುದೇ ಬಂದ್, ನೇರಳೆ ಬಾವುಟ ಕಂಡರೆ ಜೆಲ್ಲಿಮೀನಿನಂಥ ಜೀವಿಗಳು ಬಂದಿವೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ, ಅದರಲ್ಲೂ ಇಳಿತದ ಹೊತ್ತಿಗೆ, ಬಾವುಟ ಇಲ್ಲದಿದ್ದರೂ ಇಳಿಯಬಾರದು ಎಂದು ನಿನಗೆ ಚಿಕ್ಕಂದಿನಿಂದ ಗೊತ್ತು.

ಬಾಲಿಯ ತೆಂಕು ದಡಕ್ಕೆ ಇನ್ನೊಂದು ಮಾತು ಸೇರಿಸಬೇಕು. ನಮ್ಮಲ್ಲಿ ಕಳ್ಳಕ್ಕಡಲ್ ಅನ್ನುತ್ತಾರಲ್ಲ, ಗಾಳಿ ಇಲ್ಲ, ಮೋಡ ಇಲ್ಲ, ಕಡಲು ಕಳ್ಳನ ಹಾಗೆ ಮನೆಯೊಳಗೆ ಬರುತ್ತದೆ. 2024ರ ಮಾರ್ಚ್ 31ಕ್ಕೆ ತಿರುವನಂತಪುರದಿಂದ ತೃಶ್ಶೂರಿನ ತನಕ ನುಗ್ಗಿದ್ದು ಅದೇ. ಸಾವಿರಾರು ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ತೆಂಕು ತುದಿಯ ಬಿರುಗಾಳಿ ಎಬ್ಬಿಸಿದ ತೆರೆಗಳು ದಿನಗಟ್ಟಲೆ ನಡೆದು ಇಲ್ಲಿ ಮುಟ್ಟುತ್ತವೆ. ಬಾಲಿ, ನುಸಾ ಪೆನಿಡಾ, ಲೆಂಬೊಂಗಾನ್‌ಗಳ ತೆಂಕು ಮುಖ ಅದೇ ಸಾಗರಕ್ಕೆ ಬಿಚ್ಚಿಕೊಂಡಿದೆ, ಮೇಯಿಂದ ಸೆಪ್ಟೆಂಬರಿನ ಬಿಸಿಲಿನಲ್ಲೇ ಆ ತೆರೆಗಳು ದೊಡ್ಡದಾಗಿರುತ್ತವೆ. ಬಂಡೆಯ ಮೇಲೆ ಫೋಟೋಕ್ಕೆ ನಿಲ್ಲುವಾಗ ಕಾಲಬುಡ ನೋಡು. ಬಂಡೆ ಒದ್ದೆ ಇದ್ದರೆ ಸ್ವಲ್ಪ ಮೊದಲು ತೆರೆ ಅಲ್ಲಿಗೆ ಬಂದಿತ್ತು ಎಂದರ್ಥ, ಇನ್ನೂ ಬರುತ್ತದೆ.

ಸಣ್ಣಪುಟ್ಟದ್ದು ಕೆಲವು. ಹವಳ ತರಚಿದ ಗಾಯ ಚಿಕ್ಕದಾದರೂ ಕೀವಾಗುತ್ತದೆ, ಹವಳದ ಚೂರು ಒಳಗೆ ಉಳಿಯುವುದರಿಂದ. ಸೋಪು ಹಾಕಿ ಶುದ್ಧ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆ. ತೊರಕೆ ಮೀನಿನ (ಸ್ಟಿಂಗ್‌ರೇ) ಮುಳ್ಳು ಚುಚ್ಚಿದರೆ ಕಾಲು ತಡೆದುಕೊಳ್ಳುವಷ್ಟು, ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿ ಮುಳುಗಿಸಿಟ್ಟುಕೊಂಡು ಡಾಕ್ಟರಲ್ಲಿಗೆ ಹೋಗು. ಮರಳಿನಲ್ಲಿ ಕಾಲೆಳೆದುಕೊಂಡು ನಡೆದರೆ ಆ ಮೀನು ತಾನೇ ಸರಿದು ಹೋಗುತ್ತದೆ. ಸಮುಯಿಯಲ್ಲಿ ಬಾಕ್ಸ್ ಜೆಲ್ಲಿಮೀನು ಉಂಟು. ತಾಗಿದರೆ ಉಜ್ಜಬೇಡ, ಸಿಹಿನೀರು ಹಾಕಬೇಡ, ದಡದ ಕಂಬದಲ್ಲಿಟ್ಟ ವಿನೆಗರ್ ಧಾರಾಳ ಸುರಿ. ಸನ್‌ಸ್ಕ್ರೀನ್ ಮೈಗೆಲ್ಲ ಹಚ್ಚಲು 30 ಮಿ.ಲೀ. ಬೇಕು, ಅದೂ ಎರಡು ಗಂಟೆಗೊಮ್ಮೆ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವುದನ್ನು ಥಾಯ್ಲೆಂಡಿನ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಿದ್ದಾರೆ. ಉದ್ದ ತೋಳಿನ ಈಜು ಅಂಗಿ ಹಾಕಿಕೊಂಡರೆ ಅರ್ಧ ಖರ್ಚು ಉಳಿಯಿತು. ಸ್ಕೂಬಾ ಮಾಡಿದರೆ ನೀರಿನಡಿ ಉಸಿರು ಕಟ್ಟಬೇಡ, ಶೀತ ಇದ್ದ ದಿನ ಇಳಿಯಬೇಡ, ಕೊನೆಯ ಡೈವಿನ ನಂತರ 24 ಗಂಟೆ ವಿಮಾನ ಹತ್ತಬೇಡ. ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಗೆ ಹೋಗುವ ಮೊದಲು ಮೇಲೇರಿದರೆ ಅದು ಗುಳ್ಳೆಯಾಗಿ ಗಂಟಿಗೆ, ನರಕ್ಕೆ ಹೊಡೆಯುತ್ತದೆ.

ಸ್ಕೂಟರಿಗೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ಫಾರ್ಮ್ 4ಎ ತುಂಬಿಸಿ ಆರ್‌ಟಿಒದಲ್ಲಿ ತೆಗೆದುಕೋ, ಒಂದು ವರ್ಷ ನಡೆಯುತ್ತದೆ. ನಿನ್ನ ಲೈಸೆನ್ಸು ಕಾರಿಗೆ ಮಾತ್ರ ಎಂದು ನೆನಪು. ಹಾಗಿದ್ದರೆ ಅಲ್ಲಿ ದ್ವಿಚಕ್ರ ಮುಟ್ಟಲೇಬೇಡ. ಬಿದ್ದು ಕಾಲು ಮುರಿದರೆ ವಿಮೆಯವರು ಮೊದಲು ಕೇಳುವುದು ಅದನ್ನೇ, ಮತ್ತೆ ಆಸ್ಪತ್ರೆಯ ಬಿಲ್ಲು ಪೂರ್ತಿ ನಿನ್ನ ತಲೆಗೆ. ಬಾಡಿಗೆಯವನಲ್ಲಿ ಪಾಸ್‌ಪೋರ್ಟ್ ಅಡವಿಡಬೇಡ.

ಈಗ ಆ ಮನೆ. ಇಂಡೋನೇಷ್ಯಾದ 1960ರ ಭೂಕಾನೂನಿನ ಪ್ರಕಾರ ಪೂರ್ತಿ ಒಡೆತನದ ಹಕ್ಕು, ಅವರು ಹಕ್ ಮಿಲಿಕ್ ಅನ್ನುವುದು, ಅಲ್ಲಿನ ಪ್ರಜೆಗಳಿಗೆ ಮಾತ್ರ. "ಸ್ಥಳೀಯರ ಹೆಸರಿನಲ್ಲಿ ಜಾಗ ಮಾಡಿ, ನಿಮ್ಮ ಹೆಸರಿಗೆ ಬೇರೆ ಕರಾರು ಬರೆಯುವ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ. ಆ ಬೇನಾಮಿ ಕರಾರು ಕಾನೂನಿನೆದುರು ನಿಲ್ಲುವುದಿಲ್ಲ. ಲೀಸು ನ್ಯಾಯವಾದ ದಾರಿ. ಆದರೆ 25 ವರ್ಷದ ದುಡ್ಡನ್ನು ಒಟ್ಟಿಗೇ ಕೇಳುತ್ತಾರೆ, ಆದ್ದರಿಂದ ಕಾಗದ ಗಟ್ಟಿ ಇರಬೇಕು. ಭೂಮಿಯ ಸರ್ಟಿಫಿಕೇಟ್ ನಂಬರು ಕೇಳು, ನೀನೇ ಆರಿಸಿದ ನೋಟರಿಯ ಮೂಲಕ ಅಲ್ಲಿನ ಭೂಕಚೇರಿ ಬಿಪಿಎನ್‌ನಲ್ಲಿ ತಾಳೆ ನೋಡಿಸು. ಮಾರುವವನು ತೋರಿಸಿದ ನೋಟರಿ ಬೇಡ. ನಿನಗೆ ಲೀಸು ಕೊಡುವವನು ಜಾಗದ ಧಣಿಯೋ, ಅವನೂ ಲೀಸಿಗೆ ಹಿಡಿದವನೋ? ಎರಡನೆಯದಾದರೆ ಅವನ ಕೈಯಲ್ಲಿ ಉಳಿದ ವರ್ಷ ಎಷ್ಟು ಎಂಬುದು ಮುಖ್ಯ. ಧಣಿ ತೀರಿಕೊಂಡರೆ ಮಕ್ಕಳು ಕರಾರಿಗೆ ಬದ್ಧರೆಂದು, ಮುಂದುವರಿಸುವ ದರ ಹೇಗೆ ನಿಶ್ಚಯವಾಗುತ್ತದೆಂದು ಬರಹದಲ್ಲಿ ಇರಲಿ. ರಸ್ತೆಯಿಂದ ಮನೆಗೆ ಬರುವ ದಾರಿ ಯಾರ ಜಾಗದಲ್ಲಿ ಹಾದುಹೋಗುತ್ತದೆ ಎಂದು ನೋಡು. ದಾರಿಯ ಜಗಳ ಏನೆಂದು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲು ಪಿಬಿಜಿ ಅನ್ನುವ ಕಟ್ಟಡ ಪರವಾನಗಿ ಉಂಟೋ, ಹಳೆಯ ಕಟ್ಟಡವಾದರೆ ಹಿಂದಿನ ಐಎಂಬಿ ಪರವಾನಗಿ ಉಂಟೋ ಕೇಳು. ಉಬ್ಬರದ ಗೆರೆಯಿಂದ ಕನಿಷ್ಠ 100 ಮೀಟರ್ ಬಿಡಬೇಕೆಂಬುದು ಅಲ್ಲಿನ ನಿಯಮ. ನೀನು ಕಳಿಸಿದ ಫೋಟೋದಲ್ಲಿ ಮನೆಯ ಮೆಟ್ಟಿಲಿಗೂ ನೀರಿಗೂ ನಡುವೆ ಆರು ತೆಂಗಿನಮರ ಮಾತ್ರ ಕಾಣುತ್ತದೆ. ಮರಕ್ಕೆ ಮರ 25 ಅಡಿ ಇಟ್ಟರೂ ಅರ್ಧದಷ್ಟೂ ಆಗಲಿಲ್ಲ. 2025ರ ಜುಲೈಯಲ್ಲಿ ಬಾಲಿಯ ಬಿಂಗಿನ್ ಕಡಲಂಚಿನಲ್ಲಿ ಸರಕಾರಿ ಜಾಗದ ಮೇಲೆ ಕಟ್ಟಿದ್ದ ಹತ್ತಾರು ಹೋಟೆಲು, ವಿಲ್ಲಾಗಳನ್ನು ಕೆಡವಲು ಶುರುಮಾಡಿದರು. ನಮ್ಮ ಕೊಚ್ಚಿಯ ಮರಡಿನ ಫ್ಲ್ಯಾಟುಗಳು 2020ರ ಜನವರಿಯಲ್ಲಿ ಉರುಳಿದ್ದನ್ನು ಟಿವಿಯಲ್ಲಿ ನೋಡಿದ್ದೀ. ಕೊಂಡವರು ದುಡ್ಡು ಕೊಟ್ಟೇ ಕೊಂಡಿದ್ದರು, ಕರಾವಳಿ ನಿಯಮ ಮೀರಿದ್ದು ಕಟ್ಟಿದವರು.

ಲೀಸು ಇದ್ದ ಮಾತ್ರಕ್ಕೆ ಅಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ. ಇಳಿದಾಗ ಸಿಗುವ ವೀಸಾ 30 ದಿನದ್ದು, ಒಮ್ಮೆ ಮಾತ್ರ ಇನ್ನೊಂದು 30 ದಿನಕ್ಕೆ ವಿಸ್ತರಿಸಬಹುದು. ನೀನಿಲ್ಲದಾಗ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇನೆ ಎಂದರೆ ಅದಕ್ಕೆ ಬೇರೆ ಲೈಸೆನ್ಸು ಬೇಕು. ಇಲ್ಲಿಂದ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ಯೋಜನೆ) ಮಿತಿ ವರ್ಷಕ್ಕೆ 2,50,000 ಡಾಲರ್. ಬ್ಯಾಂಕಿನ ಮೂಲಕವೇ ಕಳಿಸು. ಐಟಿ ರಿಟರ್ನಿನಲ್ಲಿ ವಿದೇಶಿ ಆಸ್ತಿಗೆಂದೇ ಇರುವ ಶೆಡ್ಯೂಲ್ ಎಫ್‌ಎಯಲ್ಲಿ ಆ ಆಸ್ತಿಯನ್ನು ಪ್ರತಿವರ್ಷ ತೋರಿಸಬೇಕು. ಮರೆತರೆ 2015ರ ಕಪ್ಪುಹಣ ಕಾಯಿದೆಯಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಬಹುದು.

ಇಷ್ಟು ಕಾಗದ ಸರಿ ಇದ್ದರೂ ಮುಂಗಡ ಕೊಡುವ ಮೊದಲು ಜನವರಿಯಲ್ಲಿ ಹೋಗಿ ಎರಡು ವಾರ ಅದೇ ಮನೆಯಲ್ಲಿ ಬಾಡಿಗೆಗೆ ಇರು. ಜುಲೈಯಲ್ಲಿ ನೀನು ಕಂಡದ್ದು ಒಣಹವೆಯ ಬಾಲಿ. ಡಿಸೆಂಬರಿನಿಂದ ಫೆಬ್ರವರಿಗೆ ಪಡುಗಾಳಿ ತಿರುಗಿ ಕೂಟಾ ಕಡೆಯ ದಡಕ್ಕೆ ಪ್ಲಾಸ್ಟಿಕ್ಕಿನ ರಾಶಿ ಬಂದು ಬೀಳುತ್ತದೆ, ಹೊಳೆಗಳ ಕೆಸರಿಗೆ ನೀರು ಕೆಂಪಾಗುತ್ತದೆ. ಮಾಡು ಎಲ್ಲಿ ಸೋರುತ್ತದೆ, ರಸ್ತೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಉಬ್ಬರಕ್ಕೆ ತೆರೆ ಯಾವ ಮರದ ಬುಡ ಮುಟ್ಟುತ್ತದೆ ಎಂದು ನೋಡು. ಮರದ ಬೇರು ಕಡಲಿನ ಬದಿ ಬತ್ತಲಾಗಿ ಕಂಡರೆ ಕಡಲ್ಕೊರೆತ ಶುರುವಾಗಿದೆ, ನಮ್ಮ ಕಡಪ್ಪುರದಲ್ಲಿ ಕಾಣುವ ಹಾಗೆ. ಸ್ಲ್ಯಾಬಿನ ಅಡಿಭಾಗದಲ್ಲಿ ಕಂದು ಕಲೆ, ಉದ್ದದ ಬಿರುಕು ಇದ್ದರೆ ಒಳಗಿನ ಕಬ್ಬಿಣ ಉಬ್ಬಿದೆ ಎಂದು ತಿಳಿ. ಉಪ್ಪುನೀರು ಸಿಡಿಯುವ ಕಡೆ ಕಬ್ಬಿಣದ ಮೇಲೆ 50 ಮಿ.ಮೀ. ಕಾಂಕ್ರೀಟ್ ಇರಬೇಕೆಂದು ನಮ್ಮ ದೇಶದ ಕಾಂಕ್ರೀಟ್ ಮಾನದಂಡ ಐಎಸ್ 456 ಹೇಳುತ್ತದೆ, ಕಡಲಂಚಿನಲ್ಲಿ ಅವಸರಕ್ಕೆ ಕಟ್ಟಿದವರು ಅಷ್ಟು ಬಿಡುವುದಿಲ್ಲ. ಬಾವಿಯ ನೀರಿನ ರುಚಿ ಮಾತ್ರ ಮಳೆಗಾಲದಲ್ಲಿ ಗೊತ್ತಾಗದು, ಅದನ್ನು ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯವರ ಹತ್ತಿರ ಕೇಳಬೇಕು. ಮಾರ್ಚಿಗೆ ಹೋಗುವುದಾದರೆ ನ್ಯೆಪಿಯ ದಿನ ತಪ್ಪಿಸಿಕೋ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುವ ಅವರ ಹೊಸ ವರ್ಷ ಅದು, 24 ಗಂಟೆ ವಿಮಾನ ನಿಲ್ದಾಣವೂ ಬಂದ್, ಯಾರೂ ಬೀದಿಗೆ ಇಳಿಯುವ ಹಾಗಿಲ್ಲ. ಅಷ್ಟು ಮೌನವಾದ ಹಬ್ಬ ಮನೆಯೊಳಗೇ ಕೂತು ನೋಡುವಂಥದ್ದು ಎಂದು ಬೇಕಾದರೆ ಇದ್ದುಬಿಡು.

ಕರಾರಿನ ಕರಡನ್ನೂ ಸರ್ಟಿಫಿಕೇಟಿನ ಪ್ರತಿಯನ್ನೂ ನನಗೆ ಕಳಿಸು. ಸಹಿ ಹಾಕುವುದು ಜನವರಿಯ ನಂತರ. ಮತ್ತೆ, ನಿನ್ನ ಅಮ್ಮ ದೇವರ ಕೋಣೆಗೆ ಒಂದು ಚೆಂದದ ಹವಳದ ತುಂಡು ತಾ ಎಂದಿದ್ದಳಂತೆ. ಅದನ್ನು ತರಬೇಡ, ಸತ್ತ ಹವಳಕ್ಕೂ ಅಲ್ಲಿಯೂ ಇಲ್ಲಿಯೂ ಕಾನೂನಿನ ತಡೆ ಉಂಟು, ಕಸ್ಟಮ್ಸಿನಲ್ಲಿ ಸಿಕ್ಕಿಬೀಳುತ್ತೀ. ಅವಳಿಗೆ ನಾನು ಹೇಳಿದ್ದೇನೆ. ಒಂದು ಬಾಟಿಕ್ ಸೀರೆಯ ಬಟ್ಟೆ ತಂದರೆ ಸಾಕಂತೆ, ಕರಿ ಅಂಚಿನದ್ದು.

ನಿನ್ನ
ಮಾವ